ನನ್ನ ಸೈನಸ್ಸು, ಅವರ ತೀರ್ಮಾನ

ಧಾರವಾಡದಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆತನ. ಅಜ್ಜ ವಕೀಲರು, ತಂದೆ ಗಣಿತದ ಪ್ರಾಧ್ಯಾಪಕರು. ಮನೆಯ ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲಿ ಓದಿದೆವು. ಅಲ್ಲಿ ಸಿಸ್ಟರುಗಳು ಪ್ರತಿ ಸೋಮವಾರ ಉಗುರು ಮತ್ತು ಕರವಸ್ತ್ರ ನೋಡುತ್ತಿದ್ದರು. ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ್ದಿಲ್ಲ. ನಾಲ್ಕು ಜನರ ಎದುರು ಸದ್ದು ಮಾಡಿ ಮೂಗು ಒರೆಸಿಕೊಂಡವರು ನಮ್ಮ ವಂಶದಲ್ಲೇ ಇಲ್ಲ. ಇಂಥ ಮನೆಯಿಂದ ಬಂದವಳ ಮೂಗು ಒಂದು ವರ್ಷದಿಂದ ಅಮೆರಿಕದ ಈ ಸನ್ನಿವೇಲಿನಲ್ಲಿ ಸಾರ್ವಜನಿಕ ಆಸ್ತಿಯಾಗಿದೆ. ಒಂದು ಪ್ರಸಂಗ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಕೇಳಿದವರೆಲ್ಲ ನಕ್ಕಿದ್ದಾರೆ. ನಾನು ನಕ್ಕಿಲ್ಲ.

೧. ಡಾಕ್ಟರ ತಾಯಿ

ಸೈನಸ್ಸು ಎರಡೂ ಕಡೆ ಕಟ್ಟಿಕೊಂಡು ತಲೆಭಾರ, ಕೆನ್ನೆನೋವು ಶುರುವಾಗಿತ್ತು. ವಾಸನೆ ತಿಳಿಯುವುದು ಪೂರ್ತಿ ನಿಂತುಹೋಗಿತ್ತು. ಸ್ಪ್ರೇ, ಮಾತ್ರೆ, ಉಪ್ಪುನೀರು ಎಲ್ಲ ಆದ ಮೇಲೆ ಯಜಮಾನರೂ ನಾನೂ ಲಾಸ್ ಆಲ್ಟೋಸಿನ ಒಬ್ಬ ಮೂಗಿನ ಡಾಕ್ಟರ ಬಳಿ ಹೋದೆವು. ಹಾಸನದ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಇಲ್ಲೇ. ಅವರು ಸ್ಕ್ಯಾನ್ ತೋರಿಸಿ, ಆಪರೇಷನ್ ಮಾಡಿಸಬಹುದು, ಮಾಡಿಸದೆಯೂ ಇರಬಹುದು, ತೀರ್ಮಾನ ನಿಮ್ಮದು ಎಂದರು.

ಅಷ್ಟು ವರ್ಷ ಓದಿದವರು ಪ್ರಶ್ನೆಯನ್ನು ನನಗೇ ವಾಪಸು ಕೊಟ್ಟರೆ ಏನು ಮಾಡುವುದು? ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ನಿಮ್ಮ ತಾಯಿಗೇ ಹೀಗಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಆಗಿದೆ ಅಂಕಲ್. ಎರಡು ವರ್ಷದಿಂದ ಆಪರೇಷನ್ ಮಾಡಿಸ್ಕೋ ಅಂತ ಹೇಳ್ತಾ ಇದೀನಿ. ಯಾರಾದ್ರೂ ಒಳ್ಳೆ ಡಾಕ್ಟರನ್ನ ಕೇಳ್ಬೇಕು ಅಂತಾರೆ."

೨. ಮತದಾನ

ನಮ್ಮ ಶನಿವಾರದ ಭಜನೆಯ ಗುಂಪನ್ನು ನಡೆಸುವ ಮಹಿಳೆಗೆ ಗ್ರೋಸರಿ ಅಂಗಡಿಯಲ್ಲಿ, ಕರಿಬೇವಿನ ಮುಂದೆ ನಿಂತು, ವಿಷಯ ಹೇಳಿದೆ. ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ ಎಂದು ಸ್ಪಷ್ಟವಾಗಿಯೇ ಹೇಳಿದ್ದೆ. ನಾನು ಕಾರು ಹತ್ತುವ ಮೊದಲೇ ವಾಟ್ಸಾಪಿನಲ್ಲಿ ಇಡೀ ಗುಂಪಿಗೆ ಒಂದು ಪೋಲ್ ಬಂದಿತ್ತು. "ನಮ್ಮ ಅಕ್ಕನವರ ಮೂಗಿಗೆ ಏನು ಮಾಡೋಣ?" ಕೆಳಗೆ ನಾಲ್ಕು ಆಯ್ಕೆ: ಆಪರೇಷನ್, ಆಯುರ್ವೇದ, ಇನ್ನೂ ಕಾಯುವುದು, ಮೂಗುಬೊಟ್ಟನ್ನು ಇನ್ನೊಂದು ಕಡೆಗೆ ಬದಲಿಸಿ ನೋಡುವುದು.

ಸಂಜೆಯ ಹೊತ್ತಿಗೆ ಆಪರೇಷನ್ನಿಗೂ ಆಯುರ್ವೇದಕ್ಕೂ ಸಮಬಲ. ನನಗೆ ಮುಖಪರಿಚಯವೂ ಇಲ್ಲದವರು ನನ್ನ ಮೂಗಿಗೆ ಮತ ಹಾಕಿದ್ದರು. ಒಬ್ಬರು ಮೊದಲು ಆಪರೇಷನ್ ಎಂದವರು ಊಟವಾದ ಮೇಲೆ ಮನಸ್ಸು ಬದಲಿಸಿದರು. ಮೂಗುಬೊಟ್ಟಿಗೆ ಮಾತ್ರ ಬಿದ್ದದ್ದು ಒಂದೇ ಮತ. ಯಾರದೆಂದು ಒತ್ತಿ ನೋಡಿದೆ. ನನ್ನ ಯಜಮಾನರದು.

ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ಇದೇನು ಎಂದು ಕೇಳಿದೆ.

"ಪಾಪ, ಅದಕ್ಕ ಯಾರೂ ಹಾಕಿರಲಿಲ್ಲ," ಎಂದರು.

೩. ಗುಲಾಬಿ

ಮಗನ ಮನೆ ಮಾರ್ಗನ್ ಹಿಲ್ಲಿನಲ್ಲಿ. ಪ್ರತಿ ಭಾನುವಾರ ಮಗ, ಸೊಸೆ, ಮೊಮ್ಮಗಳು ಬಂದು ಹೋಗುವಾಗ ಒಂದು ದೊಡ್ಡ ಡಬ್ಬಿಯ ತುಂಬ ಸಾರು ಕೊಟ್ಟು ಕಳಿಸುತ್ತೇನೆ. ಮುಂದಿನ ವಾರ ಡಬ್ಬಿ ಫಳಫಳ ತೊಳೆದು ವಾಪಸು ಬರುತ್ತದೆ. ಎಲ್ಲರೂ ಚಪ್ಪರಿಸಿ ತಿಂದೆವು ಎಂದು ಸೊಸೆ ತಪ್ಪದೆ ಹೇಳುತ್ತಾಳೆ.

ವಾಸನೆ ಹೋದ ಮೇಲೆ, ಸ್ವಲ್ಪವಾದರೂ ತಿಳಿಯಲಿ ಎಂದು ನಾನು ಒಗ್ಗರಣೆಗೆ ಇಂಗು ಹೆಚ್ಚಿಸುತ್ತಾ ಹೋಗಿದ್ದೆ. ಎಷ್ಟು ಹೆಚ್ಚಿಸಿದ್ದೆ ಎಂಬುದನ್ನು ಯಾರೂ ಹೇಳಲಿಲ್ಲ. ಏಳು ವರ್ಷದ ಮೊಮ್ಮಗಳು ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇನ್ನೊಂದು ಡಬ್ಬಿಯೂ ಕೊಡಲೇ ಪುಟ್ಟಿ ಎಂದು ಕೇಳಿದ್ದಕ್ಕೆ, "ನೋ ಅಜ್ಜಿ, ವೀ ಡೋಂಟ್ ಈಟ್ ಇಟ್. ಡ್ಯಾಡ್ ಗಿವ್ಸ್ ಇಟ್ ಟು ದ ರೋಸಸ್," ಎಂದಳು.

ಮಗ ಕಾರಿನ ಕೀಲಿ ಹುಡುಕಲು ಒಳಗೆ ಹೋದ. ಕೀಲಿ ಅವನ ಕೈಯಲ್ಲೇ ಇತ್ತು. ಸೊಸೆ ಮಂಡ್ಯದವಳು, ಒಳ್ಳೆಯ ಹುಡುಗಿ. ನನ್ನ ಮುಖ ನೋಡಿ ಸಮಾಧಾನ ಮಾಡಲು ಹೊರಟಳು.

"ಸಾರು ಹಾಕಿದಾಗಿಂದ ಗಿಡಕ್ಕೆ ಒಂದೇ ಒಂದು ಹುಳ ಬಿದ್ದಿಲ್ಲ ಅತ್ತೆ."

೪. ಐದಕ್ಕೆ ಐದು

ಮರುದಿನವೇ ಫೋನ್ ಮಾಡಿ ಆಪರೇಷನ್ನಿಗೆ ದಿನ ಗೊತ್ತುಮಾಡಿದೆ. ನನ್ನ ಸಾರಿಗೆ ನಲವತ್ತು ವರ್ಷದ ಹೆಸರಿದೆ. ಅದನ್ನು ಹಿತ್ತಲಿಗೆ ಸುರಿದು ಕೈ ತೊಳೆದುಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆಪರೇಷನ್ನಿಗೆ ಮೊದಲು ಇನ್ನೊಮ್ಮೆ ಡಾಕ್ಟರನ್ನು ಕಾಣಬೇಕಿತ್ತು. ಯಜಮಾನರ ಜೊತೆ ಮಗ, ಸೊಸೆ ಇಬ್ಬರೂ ಆಫೀಸಿಗೆ ರಜೆ ಹಾಕಿ ಬಂದರು. ಮೂವರಲ್ಲೂ ಎಂಥ ಉತ್ಸಾಹ! ದಾರಿಯುದ್ದಕ್ಕೂ, ನೀನು ಮಾಡಿಸಿಕೊಳ್ಳಲೇಬೇಕು ಎಂದು ಧೈರ್ಯ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಕಿಟಕಿಯ ಕಡೆ ತಿರುಗಿ ಕುಳಿತೆ.

ಡಾಕ್ಟರು ಕಂಪ್ಯೂಟರಿನಲ್ಲಿ ಒಂದು ಫಾರಂ ತೆರೆದರು. ರೋಗಿಯೇ ತುಂಬಬೇಕಾದದ್ದು, ಪ್ರತಿ ತೊಂದರೆಗೂ ಸೊನ್ನೆಯಿಂದ ಐದರವರೆಗೆ ಅಂಕ. ಅದು ಮಗನ ಈಮೇಲಿಗೆ ಹೋಗಿತ್ತಂತೆ. ನಾನು ಕಂಡೇ ಇರಲಿಲ್ಲ. ಅವರು ಓದುತ್ತಾ ಹೋದರು. ಮೂಗು ಕಟ್ಟುವುದು, ಮೂರು. ತಲೆನೋವು, ಎರಡು. ನಿದ್ದೆಗೆ ತೊಂದರೆ, ಎರಡು. ಸಿಟ್ಟು ಮತ್ತು ಸಿಡುಕು, ಐದು.

ಇದನ್ನು ತುಂಬಿದವರು ಯಾರು ಎಂದು ಕೇಳಿದೆ. ಮಗ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಮೂವರೂ ಸೇರಿ ತುಂಬಿದೆವು ಎಂದು ಸೊಸೆ ನೆಲ ನೋಡಿಕೊಂಡು ಹೇಳಿದಳು.

"ನಾ ನಾಲ್ಕ ಅಂದಿದ್ದೆ," ಎಂದರು ಯಜಮಾನರು.

ಅಷ್ಟಕ್ಕೇ ನಿಲ್ಲಲಿಲ್ಲ. ಮಗ ಮೆಲ್ಲಗೆ ಡಾಕ್ಟರನ್ನು ಕೇಳಿದ, ಆಪರೇಷನ್ ಆದ ಮೇಲೆ ಅದೂ ಕಡಿಮೆಯಾಗುತ್ತದೆಯೇ ಎಂದು. ಡಾಕ್ಟರು ಯೋಚಿಸಿ, ಉಸಿರಾಟ ಸರಿಹೋಗುತ್ತದೆ, ವಾಸನೆಯೂ ಬಹುಶಃ ಬರುತ್ತದೆ, ಸಿಟ್ಟಿನ ವಿಷಯದಲ್ಲಿ ಮಾತ್ರ ನಾನು ಏನೂ ಹೇಳಲಾರೆ ಎಂದರು. ಮೂವರೂ ಮುಖ ಮುಖ ನೋಡಿಕೊಂಡರು.

"ಹಾಗಾದ್ರೆ ಅಮ್ಮ," ಎಂದ ಮಗ, "ಅವಸರ ಏನಿಲ್ಲ. ಇನ್ನೊಂದ್ಸಲ ಯೋಚನೆ ಮಾಡೋಣ."

ನನ್ನ ಪೆನ್ನು ತೆಗೆದು ಒಪ್ಪಿಗೆ ಪತ್ರಕ್ಕೆ ಅಲ್ಲೇ ಸಹಿ ಹಾಕಿದೆ. ಗೊತ್ತಾದ ದಿನವೇ ಆಪರೇಷನ್ ನಡೆಯುತ್ತದೆ. ಅದಕ್ಕೆ ಮೊದಲು ಮೂವರೂ ನನ್ನಲ್ಲಿ ಕ್ಷಮೆ ಕೇಳಬೇಕು, ಬೇರೆಬೇರೆಯಾಗಿ, ಬರವಣಿಗೆಯಲ್ಲಿ. ಒಂದು ಅಂಕ ಕಡಿಮೆ ಕೊಟ್ಟವರೂ ಕೇಳಬೇಕು.