ಕಡ್ಲೆಕಾಳಿನಷ್ಟು ತುಕ್ಕು: ಮನೆಯಲ್ಲೇ ನಿವಾರಿಸಿಕೊಳ್ಳುವ ಕುರಿತು

ಸಂಖ್ಯೆ: ಆಡಳಿತ/ತುಕ್ಕು/01/2024-25
ಸ್ಥಳ: ದಾವಣಗೆರೆ
ದಿನಾಂಕ: 19-02-2025

ಸುತ್ತೋಲೆ

ವಿಷಯ: ನೌಕರರ ಸ್ವಂತ ಕಾರುಗಳ ಮೈಮೇಲೆ ಕಾಣಿಸಿಕೊಳ್ಳುವ ಸಣ್ಣ ತುಕ್ಕಿನ ಚುಕ್ಕೆಗಳನ್ನು ಮನೆಯಲ್ಲೇ ನಿವಾರಿಸಿಕೊಳ್ಳುವ ಬಗ್ಗೆ ಹಾಗೂ ಸದರಿ ಕಾರಣಕ್ಕಾಗಿ ಕಚೇರಿಯ ಮೊಹರನ್ನು ಮನೆಗೆ ಒಯ್ಯದಿರುವ ಬಗ್ಗೆ.

ಉಲ್ಲೇಖ:
1) ಈ ಕಚೇರಿಯ ಅಧೀಕ್ಷಕರ ಪತ್ನಿ ಶ್ರೀಮತಿ ಕಸ್ತೂರಮ್ಮ ಅವರ ಮೌಖಿಕ ದೂರು.
2) ಕೆಳಸಹಿದಾರರು ನಡೆಸಿದ ಸ್ಥಳ ತನಿಖೆ.
3) ಸ್ಥಳ ತನಿಖೆಯ ವೇಳೆ ಕೆಳಸಹಿದಾರರ ದುಪಟ್ಟಾಕ್ಕೆ ತಗುಲಿದ ಬಿಳಿ ಬಣ್ಣ.

ಪ್ರಸ್ತಾವನೆ:

ಈ ಕಚೇರಿಯ ಅಧೀಕ್ಷಕರಾದ ಶ್ರೀ ಕೊಟ್ಟೂರಪ್ಪ ಅವರು ಎಸ್.ಎಸ್. ಬಡಾವಣೆಯ ನಿವಾಸಿಯಾಗಿದ್ದು, ಹಳೆಯ ಬಿಳಿ ಕಾರೊಂದನ್ನು ಹೊಂದಿರುತ್ತಾರೆ. ಸದರಿ ಕಾರನ್ನು ಅವರು ಕೊಂಡದ್ದು ತಾವು ಓಡಿಸಲು ಕಲಿಯುವ ಉದ್ದೇಶದಿಂದ. ಕಲಿತದ್ದು ಅವರ ಪತ್ನಿ. ಶ್ರೀಮತಿ ಕಸ್ತೂರಮ್ಮ ಅವರು ಪರೀಕ್ಷೆಯಲ್ಲಿ ಮೊದಲ ಯತ್ನದಲ್ಲೇ ತೇರ್ಗಡೆಯಾಗಿ ಲೈಸೆನ್ಸ್ ಪಡೆದಿರುತ್ತಾರೆ. ಆದರೆ ಅವರಿಗೆ ಇದುವರೆಗೆ ಬಡಾವಣೆಯ ಪಾರ್ಕನ್ನು ಸುತ್ತಿ ಬರಲು ಮಾತ್ರ ಅನುಮತಿ ಇದ್ದಿತು. ಅನುಮತಿ ನೀಡುತ್ತಿದ್ದವರು ಶ್ರೀ ಕೊಟ್ಟೂರಪ್ಪ.

ಹೀಗಿರಲಾಗಿ, ಶ್ರೀಮತಿ ಕಸ್ತೂರಮ್ಮ ಅವರ ಅಣ್ಣ, ಹರಿಹರ ತಾಲ್ಲೂಕು ನಂದಿಗುಡಿಯ ಶ್ರೀ ಕೆಂಚವೀರಪ್ಪ ಅವರು ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದು, ಕಾಲಿಗೆ ಹಾಕಿದ್ದ ಸಿಮೆಂಟ್ ಪಟ್ಟಿಯನ್ನು ದಾವಣಗೆರೆಯ ಆಸ್ಪತ್ರೆಯಲ್ಲಿ ಸೋಮವಾರದಂದು ಬಿಚ್ಚಿಸಬೇಕಾಗಿತ್ತು. ಮಡಚಲಾಗದ ಕಾಲನ್ನು ಹೊತ್ತು ಬಸ್ಸಿನಲ್ಲಿ ಬರಲು ಸದರಿಯವರು ಒಪ್ಪಿರುವುದಿಲ್ಲ. ದೂರವಾಣಿಯಲ್ಲಿ ಅವರು ತಂಗಿಗೆ ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ: "ನಿನ್ನ ಕಾರು ತಗಂಬಾರವ್ವ. ಹಿಂದಿನ ಸೀಟಿನ ಮ್ಯಾಲೆ ಕಾಲು ಚಾಚಿಕೊಂಡು ಬರ್ತೀನಿ. ನೀನು ಬರ್ಲಿಲ್ಲ ಅಂದ್ರೆ ಕುಡುಗೋಲು ತಗಂಡು ನಾನೇ ಪಟ್ಟಿ ಕುಯ್ಕೊಂತೀನಿ, ನೋಡು." ಸದರಿಯವರು ಹೇಳಿದ್ದನ್ನು ಮಾಡುವ ಸ್ವಭಾವದವರೆಂದು ಕುಟುಂಬದ ಎಲ್ಲರೂ ದೃಢಪಡಿಸಿರುತ್ತಾರೆ.

ಈ ಸಂದರ್ಭದಲ್ಲಿ ಶ್ರೀ ಕೊಟ್ಟೂರಪ್ಪ ಅವರು ಕಾರಿನ ಸುತ್ತ ಬಹಳ ಹೊತ್ತು ಓಡಾಡಿ, ಹಿಂಚಕ್ರದ ಮೇಲಿನ ಕಮಾನಿನಲ್ಲಿ, ಎಡಬಾಗಿಲಿನ ತಳದಲ್ಲಿ ಹಾಗೂ ಬಾನೆಟ್ಟಿನ ಅಂಚಿನಲ್ಲಿ ತುಕ್ಕಿನ ಚುಕ್ಕೆಗಳನ್ನು ಪತ್ತೆಹಚ್ಚಿರುತ್ತಾರೆ. ಮರುದಿನ ಬೆಳಿಗ್ಗೆ ಕಾರಿನ ಮುಂಗಾಜಿನ ಮೇಲೆ ಒಂದು ಪ್ರಕಟಣೆ ಕಂಡುಬಂದಿದ್ದು, "ಸದರಿ ವಾಹನವು ತುಕ್ಕುಪೀಡಿತವಾಗಿರುವುದರಿಂದ ಮುಂದಿನ ಆದೇಶದವರೆಗೆ ಗೇಟು ದಾಟತಕ್ಕದ್ದಲ್ಲ" ಎಂದು ಬರೆದು, ಅದರ ಕೆಳಗೆ ಈ ಕಚೇರಿಯ ದುಂಡು ಮೊಹರನ್ನು ಒತ್ತಲಾಗಿತ್ತು.

ಶ್ರೀಮತಿ ಕಸ್ತೂರಮ್ಮ ಅವರು ಮನೆಯಲ್ಲಿ ಜಗಳವಾಡದೆ, ಸೀರೆ ಬದಲಿಸಿ, ಆಟೋ ಹಿಡಿದು ನೇರವಾಗಿ ಕಚೇರಿಗೆ ಆಗಮಿಸಿದರು. ತಮ್ಮ ಪತಿಯ ಮೇಜನ್ನು ದಾಟಿಕೊಂಡು, ಅವರತ್ತ ನೋಡದೆ, ಕೆಳಸಹಿದಾರರ ಎದುರು ನಿಂತು ಈ ಕೆಳಕಂಡಂತೆ ದೂರಿದರು:

"ಮೇಡಂ, ನಿಮ್ಮ ಕಚೇರಿಯೋರು ನಮ್ಮ ಕಾರು ಜಪ್ತಿ ಮಾಡ್ಯಾರ. ಸೀಲು ಐತೆ, ಸಹಿ ಇಲ್ಲ. ಯಾರು ಮಾಡಿದ್ದು ಅಂತ ಗೊತ್ತಾಗ್ವಲ್ದು. ಸ್ವಲ್ಪ ಬಿಡಿಸಿಕೊಡ್ರಿ."

ಆ ಸಮಯದಲ್ಲಿ ಶ್ರೀ ಕೊಟ್ಟೂರಪ್ಪ ಅವರು ಮೇಜಿನ ಕೆಳಗೆ ಬಿದ್ದ ಪೆನ್ನನ್ನು ಹುಡುಕುತ್ತಿದ್ದರು. ಪೆನ್ನು ಅವರ ಜೇಬಿನಲ್ಲಿರುವುದು ಎಲ್ಲರಿಗೂ ಕಾಣುತ್ತಿತ್ತು.

ಇಲಾಖೆಯ ಮೊಹರಿನ ಮರ್ಯಾದೆಯ ಪ್ರಶ್ನೆಯಾದ ಕಾರಣ, ಶನಿವಾರ ಬೆಳಿಗ್ಗೆ ಕೆಳಸಹಿದಾರರು ಖುದ್ದಾಗಿ ಎಸ್.ಎಸ್. ಬಡಾವಣೆಗೆ ತೆರಳಿ ಕಾರನ್ನು ಪರಿಶೀಲಿಸಿದರು. ಬಾಗಿಲಿನ ಹಾಗೂ ಬಾನೆಟ್ಟಿನ ಚುಕ್ಕೆಗಳು ಕಡ್ಲೆಕಾಳಿನಷ್ಟಿದ್ದವು. ಚಕ್ರದ ಕಮಾನಿನ ಮೇಲೆ ಮಾತ್ರ ಒಂದು ಸ್ಟಿಕ್ಕರ್ ಅಂಟಿಸಲಾಗಿತ್ತು. ವಿಚಾರಿಸಲಾಗಿ, ಹಿಂದಿನ ವರ್ಷವೇ ಅಲ್ಲಿ ಮಂಡಕ್ಕಿ ಕಾಳಿನಷ್ಟು ತುಕ್ಕು ಇದ್ದು, ಕಾಣದಿದ್ದರೆ ಬೆಳೆಯುವುದಿಲ್ಲವೆಂಬ ನಂಬಿಕೆಯಿಂದ ತಾವೇ ಅದನ್ನು ಮುಚ್ಚಿದ್ದಾಗಿ ಶ್ರೀ ಕೊಟ್ಟೂರಪ್ಪ ತಿಳಿಸಿದರು. ಸ್ಟಿಕ್ಕರನ್ನು ಕಿತ್ತಾಗ ಬಣ್ಣವೂ ಅದರ ಜೊತೆಗೇ ಬಂದಿತು. ಒಳಗಿನ ತುಕ್ಕು ಮಿರ್ಚಿ ಗಾತ್ರಕ್ಕೆ ಬೆಳೆದಿತ್ತು.

"ನೋಡಿದ್ರಾ ಮೇಡಂ, ನಾನು ಹೇಳಿರ್ಲಿಲ್ವಾ?" ಎಂದು ಶ್ರೀ ಕೊಟ್ಟೂರಪ್ಪ ಅವರು ತುಸು ಸಂತೋಷದಿಂದಲೇ ನುಡಿದರು.

"ಉಜ್ಜಿದ್ರೆ ಹೋಗ್ತೈತೆ," ಎಂದು ಶ್ರೀಮತಿ ಕಸ್ತೂರಮ್ಮ ಅವರು ಸೆರಗು ಸಿಕ್ಕಿಸಿಕೊಂಡರು. ಮಂಡಿಪೇಟೆಯ ಬಣ್ಣದ ಅಂಗಡಿಯಿಂದ ಅವರು ಹಿಂದಿನ ಸಂಜೆಯೇ ಪಾಲಿಶ್ ಪೇಪರ್, ಟೇಪು, ಥಿನ್ನರ್, ಪ್ರೈಮರ್ ಹಾಗೂ ಸ್ಪ್ರೇ ಡಬ್ಬಿಗಳನ್ನು ತಂದಿಟ್ಟುಕೊಂಡಿದ್ದರು.

ಪಕ್ಕದ ಮನೆಯ ಶ್ರೀಮತಿ ಬೀಬಿಜಾನ್ ಅವರು ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ಗಮನಿಸಿ, ಒಂದು ತಟ್ಟೆಯಲ್ಲಿ ನಿಂಬೆಹಣ್ಣು ಮತ್ತು ಉಪ್ಪಿನೊಂದಿಗೆ ಹಾಜರಾದರು. "ಕಸ್ತೂರಕ್ಕ, ನಮ್ಮ ತವಾಕ್ಕೆ ನಾನು ಇದನ್ನೇ ಹಚ್ಚಾದು. ಫಳಫಳ ಅಂತೈತೆ," ಎಂದರು. ಕಾರು ತವಾ ಅಲ್ಲವೆಂದು ಶ್ರೀ ಕೊಟ್ಟೂರಪ್ಪ ಆಕ್ಷೇಪಿಸಿದರು. ಹಾಗಾದರೆ ಬಿಸಿಲಿನಲ್ಲಿ ಅದರ ಮೇಲೆ ಕೈಯಿಟ್ಟು ತೋರಿಸುವಂತೆ ಶ್ರೀಮತಿ ಬೀಬಿಜಾನ್ ಕೋರಿದರು. ಚರ್ಚೆಯ ಕೊನೆಯಲ್ಲಿ ನಿಂಬೆಹಣ್ಣುಗಳನ್ನು ಶರಬತ್ತಿಗೆ ಬಳಸಿಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಕಾರನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಚುಕ್ಕೆಗಳ ಸುತ್ತ ಟೇಪು ಹಾಗೂ ಹಳೆಯ ಪತ್ರಿಕೆ ಅಂಟಿಸಿ, ಉಜ್ಜುವ ಕೆಲಸವನ್ನು ಹಂಚಿಕೊಳ್ಳಲಾಯಿತು. ಬಾಗಿಲು ಶ್ರೀಮತಿ ಕಸ್ತೂರಮ್ಮ ಅವರಿಗೆ, ಬಾನೆಟ್ಟಿನ ಅಂಚು ಶ್ರೀಮತಿ ಬೀಬಿಜಾನ್ ಅವರಿಗೆ, ಕಮಾನು ಶ್ರೀ ಕೊಟ್ಟೂರಪ್ಪ ಅವರಿಗೆ. ತನಿಖೆಯ ನಿಷ್ಪಕ್ಷಪಾತತೆಯ ದೃಷ್ಟಿಯಿಂದ ಕೆಳಸಹಿದಾರರು ಪ್ರತಿ ಕಡೆಯೂ ಸ್ವಲ್ಪ ಸ್ವಲ್ಪ ಉಜ್ಜಿರುತ್ತಾರೆ.

ಹೆಂಗಸರ ಪಾಲಿನ ಚುಕ್ಕೆಗಳಲ್ಲಿ ಬೆಳ್ಳನೆಯ ತಗಡು ಬೇಗನೆ ಕಾಣಿಸಿತು. ಶ್ರೀ ಕೊಟ್ಟೂರಪ್ಪ ಅವರ ಕೆಲಸ ಮಾತ್ರ ಮುಗಿಯಲಿಲ್ಲ. ಅವರು ಬಗ್ಗಿ ಉಜ್ಜಿದರು, ಕೂತು ಉಜ್ಜಿದರು, ಟೇಪು ಕಿತ್ತು ಆಚೆಗೆ ಸರಿಸಿ ಮತ್ತೆ ಉಜ್ಜಿದರು. ಮಿರ್ಚಿ ಗಾತ್ರದ ಚುಕ್ಕೆ ಬೆಣ್ಣೆ ದೋಸೆಯಷ್ಟಾಯಿತು. ಶ್ರೀಮತಿ ಕಸ್ತೂರಮ್ಮ ಅವರು ಬಂದು ನಿಂತು, ನೋಡಿ, ಅವರ ಕೈಯಿಂದ ಪೇಪರನ್ನು ಮೆಲ್ಲಗೆ ಬಿಡಿಸಿಕೊಂಡರು.

"ತುಕ್ಕು ಹೋಗಿ ಬಾಳ ಹೊತ್ತಾತು ರೀ. ಈಗ ನೀವು ಕಾರು ಸವೆಸಾಕ ಹತ್ತೀರಿ. ಯಾಕ, ಮುಗಿಯಾದು ಬ್ಯಾಡೇನ್ರಿ ನಿಮಗೆ?"

ಶ್ರೀ ಕೊಟ್ಟೂರಪ್ಪ ಅವರು ಚಕ್ರವನ್ನೇ ನೋಡುತ್ತಾ ಉತ್ತರಿಸಿದರು: "ಬ್ಯಾಡ. ಹರಿಹರದ ರಸ್ತೆದಾಗ ಲಾರಿಗಳು ಹೆಂಗೆ ಬರ್ತಾವೆ, ನೀನು ನೋಡೀಯೇನು? ನಾನು ದಿನಾ ಬಸ್ಸಿನ ಕಿಟಕ್ಯಾಗ ನೋಡಿದ್ದೀನಿ, ಅಲ್ಲಿ ಡ್ಯೂಟಿ ಇದ್ದಾಗ. ತುಕ್ಕಿಗಲ್ಲ ನಾನು ಅಂಜಿದ್ದು. ನೀನು ಒಬ್ಬಾಕಿ ಹೋಗಿ, ಏನಾರ ಆಗಿ..." ಸದರಿ ವಾಕ್ಯವನ್ನು ಅವರು ಪೂರ್ಣಗೊಳಿಸಿರುವುದಿಲ್ಲ.

ಶ್ರೀಮತಿ ಬೀಬಿಜಾನ್ ಅವರು ಶರಬತ್ತನ್ನು ಸುಮ್ಮನೆ ಕಲಕುತ್ತಲೇ ಇದ್ದರು.

"ಅಂಜಿಕೆ ಆದ್ರೆ ಅಂಜಿಕೆ ಐತೆ ಅನ್ರಿ. ಅದಕ್ಕೆ ಸೀಲು ಯಾಕ್ರಿ ಹೊಡೀಬೇಕು?" ಎಂದು ಶ್ರೀಮತಿ ಕಸ್ತೂರಮ್ಮ ಅವರು ಗಂಡನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. "ನನಗೂ ಐತ್ರಿ. ರಾತ್ರಿಯೆಲ್ಲ ಗೇರು ಬದಲಾಯಿಸ್ತಾ ಮಲಗಿದ್ದೀನಿ. ನೀವೂ ಬರ್ರಿ. ಪಕ್ಕದಾಗ ಕೂಡ್ರಿ. ಲಾರಿ ಬಂದ್ರೆ ನೀವು ಹೇಳ್ರಿ, ಬ್ರೇಕು ನಾನು ಹಾಕ್ತೀನಿ."

ಪ್ರಸ್ತಾವವನ್ನು ಅಲ್ಲಿಯೇ ಅಂಗೀಕರಿಸಲಾಯಿತು. ಅಂದು ಪ್ರೈಮರ್ ಹಾಗೂ ಭಾನುವಾರ ಕೆಳಸಹಿದಾರರ ಸಮಕ್ಷಮದಲ್ಲೇ ಬಣ್ಣವನ್ನು ಹೊಡೆಯಲಾಯಿತು. ಅಂಗಡಿಯ ಬಿಳಿಯು ಹಾಲಿನಂತೆಯೂ ಕಾರಿನ ಬಿಳಿಯು ಮಜ್ಜಿಗೆಯಂತೆಯೂ ಇದ್ದುದರಿಂದ, ಮುಚ್ಚಬೇಕಾದ ಮೂರು ಜಾಗಗಳೇ ಈಗ ಬೀದಿಯ ತುದಿಯಿಂದ ಎದ್ದು ಕಾಣುತ್ತವೆ. ಇದರಿಂದ ಯಾರಿಗೂ ಬೇಸರವಾದಂತಿಲ್ಲ.

ಸೋಮವಾರದ ಪ್ರಯಾಣದ ವಿವರವನ್ನು ದಂಪತಿಗಳಿಬ್ಬರೂ ಪ್ರತ್ಯೇಕವಾಗಿ ನೀಡಿದ್ದು, ಎರಡೂ ತಾಳೆಯಾಗುತ್ತವೆ. ಹರಿಹರದವರೆಗೆ ಶ್ರೀ ಕೊಟ್ಟೂರಪ್ಪ ಅವರು ಪ್ರತಿಯೊಂದು ಲಾರಿಯನ್ನೂ ಘೋಷಿಸಿದರು. ಹರಿಹರದಲ್ಲಿ, ನಿಂತ ಲಾರಿಗಳನ್ನೂ. ಕೊಕ್ಕನೂರು ದಾಟುವಾಗ, ಕೋಳಿಗಳನ್ನೂ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು ದಾವಣಗೆರೆಗೆ ಬಂದ ಶ್ರೀ ಕೆಂಚವೀರಪ್ಪ ಅವರ ಅಭಿಪ್ರಾಯ: "ಬಾಳ ಚಂದ ಓಡಿಸ್ತಾಳೆ. ಆದ್ರೆ ನಮ್ಮನ್ನ ದಾಟಿ ಹೋದ ಬಸ್ಸಿನಾಗಿನೋರೆಲ್ಲ ಕಾಲು ಹೆಂಗೈತೆ ಅಂತ ಕೇಳಿಕೊಂಡು ಹೋದ್ರು." ಆಸ್ಪತ್ರೆಯಲ್ಲಿ ಪಟ್ಟಿಯನ್ನು ಕತ್ತರಿಸಲಾಗಿದ್ದು, ಕಾಲು ತೃಪ್ತಿಕರವಾಗಿದೆ. ಅಣ್ಣನನ್ನು ಸಂಜೆ ನಂದಿಗುಡಿಗೆ ಬಿಟ್ಟು ಮರಳುವಾಗ, ಹರಿಹರಕ್ಕೂ ಮೊದಲೇ ಶ್ರೀ ಕೊಟ್ಟೂರಪ್ಪ ಅವರು ಸೀಟಿನಲ್ಲಿ ತಲೆ ವಾಲಿಸಿ ನಿದ್ರೆಹೋದರು. ಎದುರಿನಿಂದ ಅನೇಕ ಲಾರಿಗಳು ಬಂದವು. ಅವರನ್ನು ಎಬ್ಬಿಸುವ ಅಗತ್ಯ ಕಂಡುಬರಲಿಲ್ಲ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತ ನೌಕರರ ಪಾಲನೆಗಾಗಿ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ತುಕ್ಕಿನ ಅಳತೆಯನ್ನು ಮಂಡಕ್ಕಿ, ಕಡ್ಲೆಕಾಳು, ಮಿರ್ಚಿ ಹಾಗೂ ಬೆಣ್ಣೆ ದೋಸೆ ಎಂಬ ನಾಲ್ಕು ದರ್ಜೆಗಳಲ್ಲಿ ಮಾತ್ರ ವರದಿ ಮಾಡತಕ್ಕದ್ದು. ಮಿರ್ಚಿಯವರೆಗೆ ಮನೆಯಲ್ಲಿ ನಿವಾರಿಸಿಕೊಳ್ಳಬಹುದು. ತಗಡಿನಲ್ಲಿ ತೂತು ಬಿದ್ದು ಬೆರಳು ಆಚೆಗೆ ಹೋದಲ್ಲಿ ಗ್ಯಾರೇಜಿಗೆ ಒಯ್ಯತಕ್ಕದ್ದು. ಒಯ್ಯುವ ಮುನ್ನ ಬೆರಳನ್ನು ಹೊರತೆಗೆಯತಕ್ಕದ್ದು.

2. ತುಕ್ಕಿನ ಮೇಲೆ ಸ್ಟಿಕ್ಕರ್ ಅಂಟಿಸಿ, ಉಗುರುಬಣ್ಣ, ಕುಂಕುಮ ಹಚ್ಚಿ ಅಥವಾ ನಿಂಬೆಹಣ್ಣು ಕಟ್ಟಿ ಮರೆಮಾಡುವುದನ್ನು ನಿಷೇಧಿಸಲಾಗಿದೆ. ಮುಚ್ಚಿದ ತುಕ್ಕು ಒಳಗೆ ಬೆಳೆಯುತ್ತದೆ.

3. ಬೆಳ್ಳನೆಯ ತಗಡು ಕಂಡ ಕೂಡಲೇ ಉಜ್ಜುವುದನ್ನು ನಿಲ್ಲಿಸತಕ್ಕದ್ದು. ನಿಲ್ಲಿಸಲಾಗದವರಿಗೆ ಮನೆಯ ತಳ ಹಿಡಿದ ಪಾತ್ರೆಗಳನ್ನು ಮಂಜೂರು ಮಾಡಲಾಗುವುದು.

4. ಉಜ್ಜಿದ ಜಾಗವನ್ನು ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿ, ತಡಮಾಡದೆ ಪ್ರೈಮರ್ ಹೊಡೆಯತಕ್ಕದ್ದು. ಕೆಲಸವು ಬಯಲಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಡೆಯತಕ್ಕದ್ದು. ಒಲೆ, ಬೀಡಿ, ಊದುಬತ್ತಿಗಳು ದೂರವಿರತಕ್ಕದ್ದು. ಕೆಲಸ ನೋಡಲು ಬಂದು ನಿಲ್ಲುವ ನೆರೆಹೊರೆಯವರು ಸಲಹೆಯನ್ನು ಸರದಿಯಂತೆ ನೀಡತಕ್ಕದ್ದು.

5. ಬಣ್ಣವನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ ಹೊಡೆಯತಕ್ಕದ್ದು. ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡತಕ್ಕದ್ದಲ್ಲ. ಮುಟ್ಟಿ ನೋಡಿದವರು ಅದೇ ಬೆರಳಿನಿಂದ ಹಾಜರಾತಿ ಯಂತ್ರವನ್ನು ಒತ್ತತಕ್ಕದ್ದಲ್ಲ. ಯಂತ್ರವು ಈಗಾಗಲೇ ಇಬ್ಬರು ನೌಕರರನ್ನು ಗುರುತಿಸಲು ನಿರಾಕರಿಸಿದೆ.

6. ಬಣ್ಣ ಹೊಂದಾಣಿಕೆಯಾಗದಿದ್ದಲ್ಲಿ ಉಳಿದ ಕಾರು ತಾನಾಗಿ ಬಿಳಿಯಾಗುವವರೆಗೆ ಕಾಯುವುದು.

7. ಪತ್ನಿ, ಪತಿ, ಅತ್ತೆ ಅಥವಾ ಮಾವನವರು ವಾಹನ ಓಡಿಸುವುದರ ಬಗ್ಗೆ ನೌಕರರಿಗೆ ಅಂಜಿಕೆಯಿದ್ದಲ್ಲಿ, ಅದನ್ನು ತುಕ್ಕು, ಟೈರು, ಮೋಡ ಅಥವಾ ರಾಹುಕಾಲ ಎಂಬ ಶೀರ್ಷಿಕೆಯಡಿ ನಮೂದಿಸತಕ್ಕದ್ದಲ್ಲ. ಅಂಜಿಕೆ ಎಂದೇ ಬಾಯಿಬಿಟ್ಟು ತಿಳಿಸತಕ್ಕದ್ದು. ಇದಕ್ಕೆ ಮೇಲಧಿಕಾರಿಗಳ ಪೂರ್ವಾನುಮತಿ ಬೇಕಿರುವುದಿಲ್ಲ.

8. ದುಂಡು ಮೊಹರು ಇನ್ನು ಮುಂದೆ ಕೆಳಸಹಿದಾರರ ಬೀರುವಿನಲ್ಲಿರುತ್ತದೆ. ಶ್ರೀ ಕೊಟ್ಟೂರಪ್ಪ ಅವರಿಗೆ ಎಚ್ಚರಿಕೆ ನೀಡಲಾಗಿದ್ದು, ಅವರು ಅದನ್ನು ಸ್ವೀಕರಿಸಿ, ಕಾರು ಕಲಿಯುವ ಸಲುವಾಗಿ ಬೆಳಗಿನ ಹೊತ್ತು ಅರ್ಧ ಗಂಟೆ ತಡವಾಗಿ ಬರಲು ಅನುಮತಿ ಕೋರಿರುತ್ತಾರೆ. ಕಲಿಸುವವರು ಅವರ ಪತ್ನಿಯೇ ಆಗಿರುವುದರಿಂದ ಅನುಮತಿ ನೀಡಲಾಗಿದೆ.

ಈ ಸುತ್ತೋಲೆಯು ತಕ್ಷಣದಿಂದ, ಮಳೆ ಬಂದಲ್ಲಿ ಮಳೆ ನಿಂತ ನಂತರ, ಜಾರಿಗೆ ಬರತಕ್ಕದ್ದು.

ಸಹಿ/-
(ಅಂಜುಮ್)
ಸಹಾಯಕ ನಿರ್ದೇಶಕರು, ಆಡಳಿತ
ದಾವಣಗೆರೆ

ಪ್ರತಿಗಳು:
1) ಇಲಾಖೆಯ ಎಲ್ಲ ಶಾಖೆಗಳಿಗೆ, ಪಾಲನೆಗಾಗಿ. ಕಾರಿಲ್ಲದ ಶಾಖೆಗಳು ಸೈಕಲ್ಲುಗಳ ಮೇಲೆ ಪಾಲಿಸುವುದು.
2) ಹರಿಹರದ ಉಪಕಚೇರಿಗೆ, ಅಲ್ಲಿನ ಜೀಪಿನ ತುಕ್ಕಿನ ಕುರಿತು ಅವರು ಇದುವರೆಗೆ ಉತ್ತರಿಸದಿರುವ ನೆನಪೋಲೆಯೊಂದಿಗೆ.
3) ಶ್ರೀಮತಿ ಕಸ್ತೂರಮ್ಮ, ಎಸ್.ಎಸ್. ಬಡಾವಣೆ, ಮಾಹಿತಿಗಾಗಿ ಹಾಗೂ ಗೌರವಪೂರ್ವಕವಾಗಿ.
4) ಶ್ರೀಮತಿ ಬೀಬಿಜಾನ್, ಕಾಂಪೌಂಡಿನ ಮೇಲಿನಿಂದ.
5) ಶ್ರೀ ಕೆಂಚವೀರಪ್ಪ, ನಂದಿಗುಡಿ, ಬಸ್ಸಿನ ಕಂಡಕ್ಟರ್ ಮುಖಾಂತರ.
6) ಕಚೇರಿಯ ಸೂಚನಾ ಫಲಕಕ್ಕೆ. ಫಲಕದ ಮೊಳೆಗಳಿಗೆ ತುಕ್ಕು ಹಿಡಿದಿರುವುದರಿಂದ, ಅಂಟಿಸುವವರೆಗೆ ಸಿಬ್ಬಂದಿಯೊಬ್ಬರು ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ನಿಲ್ಲತಕ್ಕದ್ದು.