ನನ್ನ ಜೀಪಿನ ಡೀಸೆಲ್ ಪುರಾಣ

ಡೀಸೆಲ್ ದರ ಏರಿದಾಗಲೆಲ್ಲ ನನ್ನ ಜೀಪಿನಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ. ದರ ಏರುವುದು ನಿಂತಿಲ್ಲವಾದ್ದರಿಂದ ಇದೂ ನಿಂತಿಲ್ಲ.

ನನ್ನದು ಹಳೇ ಜೀಪು. ಬೆಳಿಗ್ಗೆ ನಮ್ಮ ಗುಡ್ಡದ ಮೇಲಿನ ಹಳ್ಳಿಯಿಂದ ಜನರನ್ನು ಬಾಳ್ಳುಪೇಟೆಗೆ ಇಳಿಸುತ್ತೇನೆ, ಸಂಜೆ ವಾಪಸ್ ಹತ್ತಿಸುತ್ತೇನೆ. ನಮ್ಮ ಗುಡ್ಡಕ್ಕೆ ಬಸ್ಸಿಲ್ಲ. ನನ್ನ ಜೀಪು ನಿಂತರೆ ಊರಿನ ಅರ್ಧ ಜನ ಮನೆಯಲ್ಲೇ ಕೂರಬೇಕು. ಚಾರ್ಜು ಮಾತ್ರ ಮೂರು ವರ್ಷದಿಂದ ಇಪ್ಪತ್ತೇ ರೂಪಾಯಿ. ಐದು ರೂಪಾಯಿ ಏರಿಸು, ಇಲ್ಲ ಜೀಪು ಮಾರು ಎಂದು ನನ್ನ ಹೆಂಡತಿ ದಿನಾ ಹೇಳುತ್ತಾಳೆ. ನಾನು ಹಲ್ಲುಜ್ಜುವಾಗ "ನೋಡ್ರಪ್ಪಾ, ಇನ್ನು ಮೇಲೆ ಇಪ್ಪತ್ತೈದು" ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತೇನೆ. ಜೀಪಿನ ಹತ್ತಿರ ಬಂದು, ದಿನವೂ ನೋಡುವ ಆ ಮುಖಗಳನ್ನು ಕಂಡ ಕೂಡಲೇ ಅದೇ ಇಪ್ಪತ್ತು ಇಸಿದುಕೊಂಡು ಗಾಡಿ ಬಿಡುತ್ತೇನೆ. ಹಾಗಂತ ನಾನು ಸಾಧು ಮನುಷ್ಯನೇನಲ್ಲ. ನನ್ನ ಸಿಟ್ಟೆಲ್ಲ ಬೇರೆ ಕಡೆ ಹೋಗುತ್ತದೆ, ಅಷ್ಟೇ.

ಬಂಕಿನಲ್ಲಿ

ಮೊದಲು ದರ ಯಾವಾಗಲೋ ಒಮ್ಮೆ, ಒಂದೇ ಸಲಕ್ಕೆ ಏರುತ್ತಿತ್ತು. ಅವತ್ತು ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಸೇರಿ ಮನಸಾರೆ ಬೈದು ಹಗುರಾಗುತ್ತಿದ್ದೆವು. ಆಮೇಲೆ ದಿನಾ ಬೆಳಿಗ್ಗೆ ಪೈಸೆ ಲೆಕ್ಕದಲ್ಲಿ ಏರುವ ಪದ್ಧತಿ ಬಂತು. ಪೈಸೆಗೆ ಎಷ್ಟು ಬೈಯಬೇಕು ಎಂಬುದು ನಮಗಿನ್ನೂ ಗೊತ್ತಾಗಿಲ್ಲ.

ಒಂದು ಬೆಳಿಗ್ಗೆ ಬಂಕಿನಲ್ಲಿ ಡೀಸೆಲ್ ಹಾಕುವ ಹೆಂಗಸಿನ ಮುಂದೆ ನಿಂತು, ಈ ದೇಶದಲ್ಲಿ ಡ್ರೈವರ್ ಆಗಿ ಹುಟ್ಟಬಾರದು ಎಂಬಲ್ಲಿಂದ ಶುರು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದರೂ ನಿಲ್ಲಿಸಲಿಲ್ಲ. ಆಕೆ ಪೈಪು ಹಿಡಿದುಕೊಂಡು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಕೊನೆಗೆ ಟ್ಯಾಂಕಿನ ಮುಚ್ಚಳ ತಿರುಗಿಸುತ್ತಾ ಹೇಳಿದಳು.

"ಅಣ್ಣಾ, ಇವತ್ತು ಏರಿರಾದು ಬರೀ ಇಪ್ಪತ್ತು ಪೈಸ. ನೀವು ಎರಡು ರೂಪಾಯಿ ಆಗೋಷ್ಟು ಬೈದುಬುಟ್ರಿ."

ಇಳಿಜಾರು

ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಬಾರದು ಎಂದು ನನಗೆ ಲೈಸೆನ್ಸ್ ಕೊಡುವಾಗಲೇ ಹೇಳಿದ್ದರು. ಆದರೆ ಆಗ ಡೀಸೆಲ್ ರೇಟು ಬೇರೆ ಇತ್ತು. ನಮ್ಮ ಹಳ್ಳಿಯಿಂದ ಸ್ವಲ್ಪ ಮುಂದೆ ಬಂದರೆ ಒಂದು ಬಸರಿ ಮರದ ತಿರುವಿದೆ. ಅಲ್ಲಿಂದ ಕೆಳಗಿನ ಗದ್ದೆಬಯಲಿನ ತನಕ ಒಂದೇ ಸಮನೆ ಇಳಿಜಾರು. ಆ ತಿರುವಿಗೆ ಬಂದ ತಕ್ಷಣ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಎಂಜಿನ್ ಆಫ್ ಮಾಡುವುದು ನನ್ನ ರೂಢಿಯಾಯಿತು.

ನನ್ನ ಜೀಪಿನ ಸದ್ದು ಎಷ್ಟೆಂದರೆ, ಪಕ್ಕದವರ ಹತ್ತಿರ ಮಾತಾಡಬೇಕಾದರೂ ಕಿರುಚಬೇಕು. ಎಂಜಿನ್ ನಿಂತರೆ ಹಕ್ಕಿ ಕೂಗಿದ್ದೂ ಕೇಳುತ್ತದೆ. ಈ ರೂಢಿ ಶುರುವಾದ ಹೊಸತರಲ್ಲಿ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ನಮ್ಮೂರಿನ ಒಬ್ಬ ಸೊಸೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪಕ್ಕದಲ್ಲಿ, ಪೇಟೆಯಲ್ಲಿ ಹೂವು ಮಾರುವ ಹೂವಿನಕ್ಕ. ಸೊಸೆಯ ಅತ್ತೆಗೂ ಅವತ್ತು ಪೇಟೆಯಲ್ಲಿ ಏನೋ ಕೆಲಸವಿತ್ತು. ಆಕೆ ಕೊನೇ ಗಳಿಗೆಯಲ್ಲಿ ಹಿಂದಿನಿಂದ ಹತ್ತಿ ಮೂಲೆಯಲ್ಲಿ ಕೂತದ್ದು ಸೊಸೆಗೆ ಗೊತ್ತಿಲ್ಲ. ಅವಳು ಹೂವಿನಕ್ಕನ ಕಿವಿಗೆ ಬಾಯಿಟ್ಟು ತನ್ನ ಮನೆಯ ಕಷ್ಟವನ್ನೆಲ್ಲ ಕಿರುಚುತ್ತಿದ್ದಳು. ಬಸರಿ ಮರ ಬಂತು. ನಾನು ಎಂಜಿನ್ ಆಫ್ ಮಾಡಿದೆ.

"ನಂಗೆ ರಾತ್ರಿ ಉಳಿದಿದ್ದು ಹಾಕಿ, ನಮ್ಮತ್ತೆ ಮಾತ್ರ ಒಳಗೆ ಕೂತ್ಕಂಡು ತುಪ್ಪ ಹಾಕ್ಕಂಡು ರೊಟ್ಟಿ ತಿಂತೈತೆ ಕಣಕ್ಕಾ!"

ಆ ಮಾತು ಜೀಪಿನ ತುಂಬಾ ಕೇಳಿಸಿತು. ನಾನು ಕನ್ನಡಿಯಲ್ಲಿ ನೋಡಿದೆ. ಹಿಂದೆ ಕೂತವರೆಲ್ಲ ಕಾಫಿ ಗಿಡಗಳನ್ನು ಮೊದಲ ಸಲ ಕಂಡವರ ಹಾಗೆ ಹೊರಗೆ ನೋಡುತ್ತಿದ್ದರು. ಸೊಸೆ ಜನರ ಮುಖ ನೋಡಿ ಅನುಮಾನ ಬಂದು ತಿರುಗಿದಳು, ಅತ್ತೆಯನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಇವತ್ತು ಬ್ರೇಕ್ ಫೇಲಾಗುವುದಕ್ಕಿಂತ ದೊಡ್ಡ ಅನಾಹುತ ಆಗುತ್ತದೆ ಎಂದುಕೊಂಡೆ. ಆ ಅತ್ತೆಯ ಗಟ್ಟಿತನವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಸಿಟ್ಟಿಲ್ಲ, ಸೆಡವಿಲ್ಲ. ಸೀರೆಯ ಸೆರಗು ಸರಿ ಮಾಡಿಕೊಂಡು ಆಕೆ ಅಂದದ್ದು ಇಷ್ಟೇ.

"ತುಪ್ಪ ಖಾಲಿಯಾಗೈತೆ. ಸಂಜಿಕೆ ಬರುವಾಗ ತಗಂಬಾ."

ಏರು

ಇಳಿಯುವಾಗ ಹೀಗೆ ಉಳಿಸಿದ್ದನ್ನೆಲ್ಲ ಸಂಜೆ ಹತ್ತುವಾಗ ಜೀಪು ಕುಡಿದುಬಿಡುತ್ತದೆ. ಅದರಲ್ಲೂ ನಮ್ಮ ಎಸ್ಟೇಟ್ ರೈಟರ್ ಇದ್ದರೆ ಕೇಳುವುದೇ ಬೇಡ. ಆಳುಗಳ ಹಾಜರಿ ಬರೆಯುವ ಕೆಲಸ ಅವರದು. ಬಹಳ ಒಳ್ಳೆಯ ಮನುಷ್ಯ, ಆದರೆ ದೊಡ್ಡ ಆಳು. ಅವರು ಹತ್ತಿದರೆ ಜೀಪು ಒಂದು ಪಕ್ಕಕ್ಕೆ ವಾಲುತ್ತದೆ. ದರ ಏರಿದ ಒಂದು ದಿನ, ಕಡಿದಾದ ಏರಿನ ಬುಡದಲ್ಲಿ ಜೀಪು ನಿಲ್ಲಿಸಿ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ರೈಟ್ರೇ, ಈ ಒಂದು ಏರು ಮಾತ್ರ ನಡೆದು ಬರ್ತೀರಾ ಅಂತ.

ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಅವರು ಇಳಿದು, ಪಂಚೆ ಎತ್ತಿ ಕಟ್ಟಿ ಕಾಫಿ ತೋಟದ ಒಳದಾರಿ ಹಿಡಿದರು. ನಾನು ಸುತ್ತು ಮೇಲೆ ಸುತ್ತು ಹಾಕುತ್ತಾ, ಹೊಗೆ ಬಿಡುತ್ತಾ ಮೇಲೆ ಬಂದು ನೋಡಿದರೆ ರೈಟ್ರು ಮೋರಿಯ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಬೆವರು ಕೂಡ ಆರಿತ್ತು. ಅಲ್ಲಿಂದ ಊರು ಕೂಗಳತೆ ದೂರ. ನಾನು ಅಭ್ಯಾಸಬಲದಿಂದ ಚಾರ್ಜಿಗೆ ಕೈ ಚಾಚಿದೆ. ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡು ಕೇಳಿದರು.

"ಅಲ್ಲ ಮಾರಾಯ, ಬೆಳಿಗ್ಗೆ ಇಳಿಯುವಾಗ ನೀನು ಎಂಜಿನ್ ಆಫ್ ಮಾಡಿದ್ದೆ. ಈಗ ಹತ್ತುವಾಗ ನಾನೇ ನಡ್ಕಂಡು ಬಂದೆ. ಹಂಗಾರೆ ನಿನ್ನ ಡೀಸೆಲ್ಲು ನನ್ನ ಹೊತ್ಕಂಡು ಹೋಗಿದ್ದು ಎಲ್ಲಿ, ಅದನ್ನ ಹೇಳು."

ನಾನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಆದರೂ ಅವರು ದುಡ್ಡು ಕೊಟ್ಟರು. ಅಂದಿನಿಂದ ಆ ಏರಿನ ಬುಡ ಬಂದರೆ ನಾನು ಕೇಳುವ ಮೊದಲೇ ಇಳಿಯುತ್ತಾರೆ. ಈಗೀಗ ಅವರ ಹಿಂದೆ ಇನ್ನೂ ನಾಲ್ಕು ಜನ ಇಳಿಯುತ್ತಾರೆ, ಬೇಗ ಮನೆ ಸೇರಬಹುದು ಅಂತ.

ಎತ್ತುಗಳ ಹೋರಾಟ

ಒಂದು ಸಲ ಎಲ್ಲಾ ಡ್ರೈವರುಗಳ ತಾಳ್ಮೆಯೂ ಒಟ್ಟಿಗೆ ಕೆಟ್ಟಿತು. ಸಕಲೇಶಪುರದಲ್ಲಿ ಪ್ರತಿಭಟನೆ ಎಂದು ತೀರ್ಮಾನವಾಯಿತು. ಡೀಸೆಲ್ ಹಾಕಿಸಲಾಗದೆ ಜೀಪನ್ನು ಎತ್ತುಗಳು ಎಳೆಯುತ್ತಿವೆ ಎಂದು ತೋರಿಸಬೇಕು. ಯಾರ ಜೀಪು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನದಾದರೆ ಎಳೆಸಿಕೊಂಡು ಬಂದ ಹಾಗೆ ಈಗಲೇ ಕಾಣುತ್ತದಂತೆ.

ಜೀಪು ಸಿಕ್ಕಿತು, ಎತ್ತು ಸಿಗಲಿಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಟಿಲ್ಲರ್. ಹುಡುಕಿ ಹುಡುಕಿ ಕೊನೆಗೆ ಪಾಳ್ಯದ ಕಡೆ ಒಬ್ಬ ರೈತರ ಮನೆಯಲ್ಲಿ ಒಂದು ಜೊತೆ ಪತ್ತೆಯಾಯಿತು. ಉಳುಮೆಗೆ ಅವರ ಮನೆಯಲ್ಲೂ ಟಿಲ್ಲರೇ, ಎತ್ತು ಕೊಟ್ಟಿಗೆಗೆ ಲಕ್ಷಣ ಎಂದು ಇಟ್ಟುಕೊಂಡಿದ್ದರು. ಪಾಳ್ಯದಿಂದ ಸಕಲೇಶಪುರಕ್ಕೆ ಅವನ್ನು ನಡೆಸಿಕೊಂಡು ಬರುವುದು ಆಗುವ ಮಾತಲ್ಲ. ಒಂದು ಪಿಕಪ್ ಗಾಡಿ ಬಾಡಿಗೆಗೆ ಮಾಡಿದೆವು. ಡೀಸೆಲ್ ದರದ ವಿರುದ್ಧ ಹೋರಾಡಲು ಆ ಪಿಕಪ್ಪಿಗೆ ಎಲ್ಲರೂ ಸೇರಿ ಡೀಸೆಲ್ ಹಾಕಿಸಿದೆವು.

ಎತ್ತುಗಳು ಇಳಿದವು. ಹೂವಿನಕ್ಕ ಕೊಟ್ಟಿದ್ದ ಸೇವಂತಿಗೆ ಹಾರ ಹಾಕಿ, ಜೀಪಿಗೆ ಹಗ್ಗ ಕಟ್ಟಿ, ಘೋಷಣೆ ಕೂಗಿದೆವು. ಎತ್ತುಗಳು ಅಲ್ಲಾಡಲಿಲ್ಲ. ಬೆನ್ನು ತಟ್ಟಿದೆವು, ಬೇಡಿಕೊಂಡೆವು. ಅಷ್ಟರಲ್ಲಿ ಪಿಕಪ್ಪಿನವನು ಹಿಂದಿನ ಬಾಗಿಲನ್ನು ಧಡ್ ಎಂದು ತೆಗೆದ. ಆ ಸದ್ದು ಕೇಳಿದ್ದೇ ತಡ, ಎರಡೂ ಎತ್ತುಗಳು ಹಗ್ಗ ಜಗ್ಗಿ ಬಿಡಿಸಿಕೊಂಡು ನೇರವಾಗಿ ಪಿಕಪ್ಪಿನ ಹತ್ತಿರ ಹೋಗಿ, ಇಳಿಸಲು ಇಟ್ಟಿದ್ದ ಹಲಗೆಯ ಮೇಲಿಂದ ಹತ್ತಿ ಒಳಗೆ ನಿಂತುಬಿಟ್ಟವು. ರೈತರು ಸಂಕೋಚದಿಂದ, ಸಂತೆಗೂ ಅವು ಗಾಡೀಲೇ ಹೋಗಿ ಅಭ್ಯಾಸ ಕಣ್ರಪ್ಪಾ ಅಂದರು.

ಆದರೆ ನಮ್ಮ ಡ್ರೈವರುಗಳನ್ನು ಹೊಗಳಲೇಬೇಕು. ಒಬ್ಬನೂ ಹಿಂದೆ ಸರಿಯಲಿಲ್ಲ. ಆಟೋದವರು, ಟ್ಯಾಕ್ಸಿಯವರು, ದಾರಿಯಲ್ಲಿ ಹೋಗುತ್ತಿದ್ದ ಮಂಗಳೂರು ಲಾರಿಯವರು ಇಬ್ಬರು, ಎಲ್ಲರೂ ಹಗ್ಗಕ್ಕೆ ಕೈ ಹಾಕಿ ನನ್ನ ಜೀಪನ್ನು ತಾಲ್ಲೂಕು ಕಚೇರಿಯ ತನಕ ಎಳೆದರು. ಎತ್ತುಗಳು ಹಾರ ಹಾಕಿಕೊಂಡು, ಮೆಲುಕು ಹಾಕುತ್ತಾ ಪಿಕಪ್ಪಿನಲ್ಲಿ ನಮ್ಮ ಹಿಂದೆ ಬಂದವು. ಗೇಟಿನಲ್ಲಿದ್ದ ಪೊಲೀಸಪ್ಪ ಒಮ್ಮೆ ನಮ್ಮನ್ನು, ಒಮ್ಮೆ ಅವನ್ನು ನೋಡಿದರು.

"ಇದು ಯಾರ ಹೋರಾಟ? ನಿಮ್ದಾ, ಅವುಗಳದ್ದಾ?"

ಗಿರಾಕಿ

ಹೋರಾಟದಿಂದ ದರ ಇಳಿಯಲಿಲ್ಲ. ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಸೋತೆ. ಜೀಪು ಕೊಡುವುದಿದೆ ಎಂದು ನಾಲ್ಕು ಜನರ ಕಿವಿಗೆ ಹಾಕಿದೆ. ಘಾಟಿ ಕಡೆ ಹೋಂಸ್ಟೇ ನಡೆಸುವ ಒಬ್ಬರು ಸಂಜೆ ಹೊತ್ತು ಬಾಳ್ಳುಪೇಟೆ ಸ್ಟ್ಯಾಂಡಿಗೆ ಬಂದು ಜೀಪಿನ ಸುತ್ತ ತಿರುಗಿ ನೋಡತೊಡಗಿದರು. ನನ್ನ ಪ್ಯಾಸೆಂಜರುಗಳೆಲ್ಲ ಆಗಲೇ ಒಳಗೆ ಕೂತಿದ್ದರು. ವಿಷಯ ಗೊತ್ತಾಗಿ ಅವರ ಮುಖಗಳೆಲ್ಲ ಗಂಟಿಕ್ಕಿದವು.

ಮೈಲೇಜ್ ಎಷ್ಟು ಎಂದು ಹೋಂಸ್ಟೇಯವರು ನನ್ನನ್ನು ಕೇಳಿದರೆ ಹೂವಿನಕ್ಕ ಒಳಗಿಂದಲೇ ಉತ್ತರ ಕೊಟ್ಟಳು.

"ಮೈಲೇಜ್ ಚೆನ್ನಾಗೈತೆ ಸ್ವಾಮಿ. ಇಳಿಜಾರಲ್ಲಿ ಎಂಜಿನ್ ಆಫ್ ಮಾಡ್ತಾನೆ. ಏರಲ್ಲಿ ನಾವು ಇಳಿದು ನಡೀತೀವಿ. ಸಮತಟ್ಟಲ್ಲಿ ಮಾತ್ರ ಡೀಸೆಲ್ ಬೇಕು, ನಮ್ ಕಡೆ ಸಮತಟ್ಟು ಎಲ್ಲೈತೆ?"

ರೈಟ್ರು ಅದರ ಜೊತೆಗೆ ಸೀಟು ಕುಲುಕುವುದು, ಬಾಗಿಲು ಬಡಿದುಕೊಳ್ಳುವುದು, ಮಳೆ ಬಂದರೆ ಒಳಗೇ ಮೊದಲು ಸುರಿಯುವುದು ಎಲ್ಲವನ್ನೂ ವಿವರವಾಗಿ ಸೇರಿಸಿದರು. ಹೀಗೆ ಹೇಳಿ ಗಿರಾಕಿಯನ್ನು ಓಡಿಸಬೇಕು ಎಂಬುದು ಅವರ ಉಪಾಯ. ಆದರೆ ಕೇಳುತ್ತಾ ಕೇಳುತ್ತಾ ಹೋಂಸ್ಟೇಯವರ ಮುಖ ಅರಳಿತು. ಅವರಿಗೆ ಬೇಕಾದದ್ದೇ ಅದಂತೆ. ಸಿಟಿಯಿಂದ ಬರುವ ಟೂರಿಸ್ಟುಗಳಿಗೆ ಮೈಲೇಜು ಬೇಡ, ಕುಲುಕಾಟ ಬೇಕು. ಗುಡ್ಡ ಹತ್ತಿಸಿ ಇಳಿಸಿದರೆ ತಲೆಗೆ ಐನೂರು ಕೊಟ್ಟು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಒಳ್ಳೆಯ ರೇಟೇ ಹೇಳಿ, ಸೋಮವಾರ ಬಂದು ಜೀಪು ತೆಗೆದುಕೊಂಡು ಹೋಗುತ್ತೇನೆ ಅಂದರು. ನಾನು ಹೂಂ ಅಂದೆ, ಅವರು ಹೊರಟರು.

ಜೀಪಿನೊಳಗೆ ಹೂವಿನಕ್ಕ ಸೊಂಟ ನೀವಿಕೊಂಡು ನಿಟ್ಟುಸಿರು ಬಿಟ್ಟಳು.

"ನಾವು ದಿನಾ ಐನೂರು ರೂಪಾಯಿ ಸುಖ ಪಡ್ತಿದ್ವಿ, ಗೊತ್ತೇ ಇರ್ಲಿಲ್ಲ ನೋಡಿ."

ಚೌಕಾಸಿ

ಶನಿವಾರ ಬೆಳಿಗ್ಗೆ ಎಲ್ಲರೂ ಹತ್ತುವ ಮೊದಲು, ಸೋಮವಾರದಿಂದ ಜೀಪು ಇರುವುದಿಲ್ಲ, ತಪ್ಪು ತಿಳಿಯಬೇಡಿ, ಡೀಸೆಲ್ಲಿಗೆ ಗಿಟ್ಟುತ್ತಿಲ್ಲ ಎಂದು ತಲೆ ತಗ್ಗಿಸಿಕೊಂಡು ಹೇಳಿದೆ. ಅಳುತ್ತಾರೆ, ಇಲ್ಲ ಬೈಯುತ್ತಾರೆ ಅಂದುಕೊಂಡಿದ್ದೆ. ಎರಡೂ ಇಲ್ಲ. ಸುಮ್ಮನೆ ಹತ್ತಿ ಕೂತರು. ನನಗೇ ಬೇಜಾರಾಯಿತು.

ಜೀಪು ಊರು ದಾಟಿತು, ಒಳಗೆ ಪಂಚಾಯಿತಿ ಶುರುವಾಯಿತು. ಎಲ್ಲರೂ ಎಂಜಿನ್ ಸದ್ದನ್ನೂ ಮೀರಿ ಕಿರುಚುತ್ತಿದ್ದರಿಂದ ನನಗೆ ಒಂದೊಂದು ಮಾತೂ ಕೇಳುತ್ತಿತ್ತು. ಇಪ್ಪತ್ತೈದು ಮಾಡೋಣ ಎಂದಳು ಬಟ್ಟೆ ಅಂಗಡಿಯ ಸೊಸೆ. ಮೂವತ್ತು ಎಂದಳು ಅವತ್ತೂ ಪೇಟೆಗೆ ಹೊರಟಿದ್ದ ಅವಳ ಅತ್ತೆ. ರೈಟ್ರು ತಾನು ದೊಡ್ಡ ಆಳಾದ್ದರಿಂದ ತನಗೆ ಮೂವತ್ತೈದೇ ಇರಲಿ ಅಂದರು. ಹೂವಿನಕ್ಕ ದಿನವೂ ಎಷ್ಟು ಮೊಳ ಮಾರುತ್ತಾಳೆ ಎಂದು ನನಗೆ ಗೊತ್ತು. ಹಿಂದೆ ಕೂತ ಹೆಂಗಸರ ಕೂಲಿಯೂ ಗೊತ್ತು.

ಜೀಪನ್ನು ರಸ್ತೆ ನಡುವೆಯೇ ನಿಲ್ಲಿಸಿ ತಿರುಗಿದೆ. ಮೂವತ್ತು ಆಗುವುದೇ ಇಲ್ಲ, ಇಪ್ಪತ್ತೆರಡು ಸಾಕು ಅಂದೆ. ಅವರು ಮೂವತ್ತಕ್ಕೇ ಪಟ್ಟು ಹಿಡಿದರು. ನಾನು ಇಪ್ಪತ್ತಮೂರಕ್ಕೆ ಬಂದೆ. ಅವರು ಒಂದು ಪೈಸೆ ಇಳಿಯಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ಕೊಡುವುದಾದರೆ ನನ್ನ ಜೀಪು ಹತ್ತಲೇಬೇಡಿ ಎಂದು ಕೂಗಿದೆ.

ಹಿಂದೆ ಒಬ್ಬರು ಬೈಕಿನವರು ದಾರಿಗಾಗಿ ಕಾಯುತ್ತಿದ್ದರು. ಜಗಳ ಕೇಳಿ ಇಳಿದು ಬಂದು, ನನ್ನ ಭುಜದ ಮೇಲೆ ಕೈಯಿಟ್ಟು, ಹೋಗಲಿ ಬಿಡಿ, ಪಾಪ ಕೂಲಿ ಜನ, ಚಾರ್ಜು ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಎಂದು ಬುದ್ಧಿ ಹೇಳಿದರು. ನಾನೂ ಅದನ್ನೇ ಬಡಕೊಳ್ತಿದ್ದೀನಿ, ಇವರು ಕೇಳ್ತಿಲ್ಲ ಅಂದೆ. ಅವರು ನನ್ನನ್ನು ನೋಡಿದರು, ಜೀಪಿನೊಳಗೆ ನೋಡಿದರು, ಏನೂ ಅರ್ಥವಾಗದೆ ಬೈಕನ್ನು ಪಕ್ಕದ ಚರಂಡಿಗಿಳಿಸಿ ಹೋಗಿಬಿಟ್ಟರು.

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಕಣ್ಣು ಮಂಜಾಯಿತು. ಇಂಥ ಜನರನ್ನು ಬಿಟ್ಟು ಆ ಐನೂರು ರೂಪಾಯಿಯವರನ್ನು ಕುಲುಕಿಸಲು ಜೀಪು ಕೊಡಲು ಹೊರಟಿದ್ದೆನಲ್ಲ ಎಂದು ಸಂಕಟವಾಯಿತು. ಆದರೂ ಹಟ ಬಿಡದೆ, ಇಪ್ಪತ್ತೈದಾದರೂ ಮಾಡ್ಕೊಳ್ಳಿ ಎಂದು ಕೊನೇ ಸಲ ಗೋಗರೆದೆ.

ಹೂವಿನಕ್ಕ ಬುಟ್ಟಿಯನ್ನು ಮಡಿಲಿಂದ ಕೆಳಗಿಟ್ಟಳು.

"ನೋಡು, ಆ ಹೋಂಸ್ಟೇನೋರಿಗೆ ಫೋನ್ ಮಾಡಿ ಬರಬ್ಯಾಡಿ ಅಂದ್ಬುಡು. ರೇಟು ಏರ್ಸೋಕೆ ಎದೆ ಗಟ್ಟಿ ಇರ್ಬೇಕು ಕಣೋ, ಅದು ನಿನ್ ಕೈಲಿ ಆಗಲ್ಲ, ಅದಕ್ಕೇ ನಾವು ಏರ್ಸಿದ್ದೀವಿ. ನೀನು ಮುಂದೆ ನೋಡ್ಕಂಡು ಓಡ್ಸು."