ಎಡಕ್ಕಿದ್ದ ಬಟನ್ ಬಲಕ್ಕ ಹೋದ ವಾರ

ಉಮರ್ಗಾದಾಗ ನಂದೊಂದು ಬ್ಯಾನರ್ ಅಂಗಡಿ ಅದ. ಹನ್ನೆರಡು ವರ್ಷದಿಂದ ಒಂದೇ ಸಾಫ್ಟ್‌ವೇರ್‌ದಾಗ ಡಿಸೈನ್ ಮಾಡ್ಲತ್ತೀನಿ. ಕಣ್ಣು ಮುಚ್ಚಿದರೂ ಕೈ ತಾನೇ ಬಟನ್ ಮ್ಯಾಲೆ ಹೋಗ್ತಿತ್ತು. ಆದರ ನಾವು ಸುಖವಾಗಿ ಅದೀವಂತ ಸಾಫ್ಟ್‌ವೇರ್ ಮಾಡೋ ಮಂದಿಗೆ ಹ್ಯಾಂಗೋ ಸುದ್ದಿ ಹೋಗ್ತದ. ತಕ್ಷಣ ಒಂದು ಅಪ್‌ಡೇಟ್ ಕಳಸ್ತಾರ. ಈ ಸಲ ಬಂದದ್ದಂತೂ ವಾರದ ತನಕ ನನ್ನ ಕುಣಿಸಿಬಿಡ್ತು!

೧. ಡಬ್ಬಿ

ಸೋಮವಾರ ಮುಂಜಾನೆ ಕಂಪ್ಯೂಟರ್ ಚಾಲೂ ಮಾಡ್ದೆ. ಎಡಕ್ಕಿದ್ದದ್ದೆಲ್ಲಾ ಬಲಕ್ಕ! ಅಕ್ಷರ ದೊಡ್ಡದು ಮಾಡೋ ಬಟನ್ ಸಿಗವಲ್ದು, ಫೋಟೋ ಕತ್ತರಿಸೋದೂ ಸಿಗವಲ್ದು. ಬೈಕೋತ ಹುಡುಕ್ಲತ್ತಿದ್ದೆ. ಮೊಮ್ಮಗನ ತೊಟ್ಟಿಲ ಬ್ಯಾನರ್ ಸಲುವಾಗಿ ಮಾಕಣಿಯಿಂದ ಬಂದ ಒಬ್ಬ ವಯಸ್ಸಾದ ಮಾವಶಿ ಎದುರಿಗೇ ಕುಂತಿದ್ದಳು.

“ಯಾರಿಗಿ ಬೈಲತ್ತಿಯೋ ತಮ್ಮಾ?”

“ನೋಡ್ರೀ ಮಾವಶಿ, ಎಲ್ಲಾದರ ಜಾಗಾ ಬದಲ್ ಮಾಡ್ಯಾರ.”

“ನಮ್ಮ ಸೊಸಿನೂ ಬಂದ ಮರುದಿನಾನೇ ಅಡಗಿ ಮನಿ ಡಬ್ಬಿ ಎಲ್ಲಾ ಹಿಂಗೇ ಮಾಡಿದ್ಲು. ಒಂದು ತಿಂಗಳು ನಾ ಚಹಾಕ್ಕ ಉಪ್ಪು ಹಾಕೀನಿ. ನಮ್ಮ ಮನಿಯವರು ಸುಮ್ಮನ ಕುಡದಾರ.”

“ಪಾಪ, ಭಾಳ ಸಹನಾ!”

“ಎಲ್ಲೀ ಸಹನಾ? ಫರಕೇ ಗೊತ್ತಾಗಿಲ್ಲಂತ!”

೨. ವೈರ್

ಉದಗೀರ್‌ದಾಗ ನನ್ನ ದೋಸ್ತಂದೂ ಇಂಥದೇ ಅಂಗಡಿ. “ಅಪ್‌ಡೇಟ್ ಬರ್ಲತ್ತದ, ಹುಷಾರ್!” ಅಂತ ಫೋನ್ ಮಾಡ್ದೆ. ಅಂವಾ ಹೆದರಿ ಇಂಟರ್ನೆಟ್ ವೈರೇ ಕಿತ್ತಿಟ್ಟ. ಎರಡು ದಿನ ಬಿಟ್ಟು ಅವನದೇ ಫೋನ್ ಬಂತು.

“ದೋಸ್ತಾ, ವೈರ್ ಎಲ್ಲಿ ಚುಚ್ಚಬೇಕು ಮರತೀನಿ. ಕಂಪ್ಯೂಟರ್‌ದಾಗ ಹುಡುಕಿದರ, ಮೊದಲ ವೈರ್ ಚುಚ್ಚು ಅಂತದ!”

೩. ಟಗರು

ವಲಾಂಡಿ ಕಡಿಂದ ಕುರಿ ಸಾಕೋ ಕಾಕಾ ಬಂದ. ಅವನ ಟಗರಿನ ಹುಟ್ಟುಹಬ್ಬ! ಟಗರಿನ ಕೊರಳಿಗಿ ಕೈ ಹಾಕಿ ನಿಂತ ಫೋಟೋ ಕೊಟ್ಟ. ಅಷ್ಟೊತ್ತಿಗಿ ನನಗ ಒಂದು ಹೊಸಾ ಬಟನ್ ಸಿಕ್ಕಿತ್ತು. ಒತ್ತಿದರ ಫೋಟೋದಾಗಿನ ಬ್ಯಾಡಾದ್ದೆಲ್ಲಾ ತಾನೇ ತೆಗೀತದಂತ. ಖುಷಿಲೆ ಒತ್ತಿದೆ. ಹೊಲಾ ಹೋಯ್ತು, ಗಿಡಾ ಹೋದವು, ಕಾಕಾನೂ ಹೋದ! ಟಗರು, ಅದರ ಕೊರಳಾಗ ಒಂದು ಕೈ, ಇಷ್ಟೇ ಉಳೀತು.

“ಮಾಫ್ ಮಾಡ್ರಿ ಕಾಕಾ, ನಿಮ್ಮನ್ನ ಫೋಟೋದಾಗ ತಿರುಗಿ ತರ್ತೀನಿ.”

ಕಾಕಾ ಬಗ್ಗಿ ನೋಡ್ದ. “ಬ್ಯಾಡ ಬಿಡು. ನನ್ನ ಮನಿಯಾಗೂ ಹಿಂಗೇ ನಡೀತದ. ಆ ಕೈಯೊಂದು ತೆಗಿ, ಟಗರಿಗಿ ಕೊರಳಾಗ ತುರಸ್ತದ.”

೪. ನಿರೋಪ

ಶನಿವಾರ ನಿಲಂಗಾದಾಗ ಒಬ್ಬ ಮಾಸ್ತರರ ನಿವೃತ್ತಿ ಸಮಾರಂಭ. ಬ್ಯಾನರ್ ನಾನೇ ಒಯ್ದು ಗೇಟಿಗಿ ಕಟ್ಟಿದೆ. ಕೆಳಗ ಇಳದು ಆಗ ಸರಿಯಾಗಿ ನೋಡ್ದೆ. ಹೊಸಾ ಸಾಫ್ಟ್‌ವೇರ್ ತನ್ನಷ್ಟಕ್ಕೇ ಮಾಸ್ತರರ ಮಾರಿ ನುಣ್ಣಗ ಮಾಡಿತ್ತು, ಕೂದಲಾ ಕರ್ರಗ ಮಾಡಿತ್ತು. ಬ್ಯಾನರ್‌ದಾಗ ಮೂವತ್ತು ವರ್ಷದ ಹುಡುಗ! ಮ್ಯಾಲೆ ದೊಡ್ಡ ಅಕ್ಷರದಾಗ ‘ನಿರೋಪ’, ಅಂದರ ಬೀಳ್ಕೊಡುಗಿ.

ಬಿಚ್ಚಬೇಕನ್ನೋದರಾಗ ಮುಖ್ಯ ಅತಿಥಿಗಳ ಗಾಡಿ ಬಂತು. ಅವರು ಬ್ಯಾನರ್ ನೋಡಿ, ಶ್ರದ್ಧಾಂಜಲಿ ಅಂತ ತಿಳದು ಚಪ್ಪಲಿ ಬಿಟ್ಟು, ಕೈ ಮುಗದು, “ಅಯ್ಯೋ, ಇಷ್ಟು ಸಣ್ಣ ವಯಸ್ಸಿಗೇ! ಏನಾಗಿತ್ರೀ?” ಅಂದರು.

ಪಕ್ಕದಾಗ ಹಾರಾ ಹಿಡಕೊಂಡು ನಿಂತಿದ್ದ ಮಾಸ್ತರರು, “ಐವತ್ತೆಂಟು ಆಗಿತ್ರೀ” ಅಂದರು.

ನಾ ಬೈಕ್ ಹಿಂದ ಅಡಗಿದೆ. ಮಾಸ್ತರರು ಹುಡುಕಿಕೋತ ಬಂದೇ ಬಿಟ್ಟರು. ಬೈಸಿಕೊಳ್ಳಾಕ ತಲಿ ತಗ್ಗಿಸಿ ನಿಂತೆ. ಅವರು ನನ್ನ ಭುಜದ ಮ್ಯಾಲೆ ಕೈ ಇಟ್ಟು, ಸಣ್ಣ ದನಿಲೆ ಕೇಳಿದರು:

“ತಮ್ಮಾ, ಈ ಅಪ್‌ಡೇಟ್ ಮೊಣಕಾಲಿಗೂ ಹಾಕಲಾಕ ಬರ್ತದೇನು?”